ಸಹಾಯ ಬೇಕು: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ವಿಷಯಕ್ಕೆ ಅರ್ಜಿ ಯಾರಿಗೆ ಕೊಡಬೇಕು?

ಎಲ್ಲರಿಗೂ ನಮಸ್ಕಾರ. ನಾವು ಶಿಡ್ಲಘಟ್ಟದವರು. ನಮ್ಮ ಬೀದಿಯಲ್ಲಿ ಜಾಸ್ತಿ ಜನ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಾರೆ. ಮನೆಮಾತು ಉರ್ದು, ಮಕ್ಕಳು ಓದುವುದು ಸರ್ಕಾರಿ ಕನ್ನಡ ಶಾಲೆಯಲ್ಲಿ.

ಪೋಷಕರ ಸಭೆ ಯಾವಾಗಲೂ ಕೆಲಸದ ದಿನ ಬೆಳಿಗ್ಗೆ 11ಕ್ಕೆ. ಹೋದರೆ ಆ ದಿನದ ಕೂಲಿ ಇಲ್ಲ. ಸೂಚನೆ ವಾಟ್ಸಾಪ್‌ನಲ್ಲಿ ಕನ್ನಡದಲ್ಲಿ ಬರುತ್ತದೆ. ನಮ್ಮ ಅತ್ತಿಗೆಗೆ ಕನ್ನಡ ಓದಲು ಬರುವುದಿಲ್ಲ, ಮಗನೇ ಓದಿ ಹೇಳಬೇಕು. (ತನ್ನ ಮೇಲಿನ ದೂರನ್ನು ಅವನ್ಯಾಕೆ ಓದುತ್ತಾನೆ, ಅಲ್ವಾ?) ಸಂಜೆ ಸಭೆ ಇಡಿ ಎಂದು ಮುಖ್ಯ ಶಿಕ್ಷಕರನ್ನು ಕೇಳಿದೆವು. "ನೋಡೋಣ" ಎಂದರು, ಅಷ್ಟೇ. ಆಮೇಲೆ "ಆ ಬೀದಿಯವರಿಗೆ ಆಸಕ್ತಿಯೇ ಇಲ್ಲ" ಎಂಬ ಮಾತು ಕಿವಿಗೆ ಬಿತ್ತು. ತುಂಬಾ ಬೇಜಾರಾಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಹಿಂದುಳಿದ, ಬಡ ಮಕ್ಕಳ ಪೋಷಕರಿಗೂ ತಕ್ಕ ಪಾಲು ಸಿಗಬೇಕು. ನಮ್ಮ ಬೀದಿಯವರು ಒಬ್ಬರೂ ಇಲ್ಲ. ಆಯ್ಕೆ ಯಾವಾಗ ನಡೆಯಿತೋ ಗೊತ್ತೇ ಆಗಲಿಲ್ಲ.

ಸದಸ್ಯರ ಪಟ್ಟಿ ಮತ್ತು ಸಂಜೆ ಸಭೆ ಎರಡನ್ನೂ ಕೇಳಿ ಅರ್ಜಿಯನ್ನು ಮುಖ್ಯ ಶಿಕ್ಷಕರಿಗೇ ಕೊಡಬೇಕಾ, ನೇರವಾಗಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗಾ? ಸಮಿತಿಯ ಅವಧಿ ಮುಗಿಯುವ ಮೊದಲೇ ನಮ್ಮವರೊಬ್ಬರನ್ನು ಸೇರಿಸಲು ಆಗುತ್ತದಾ? ಹೀಗೆ ಮಾಡಿಸಿದವರು ಇದ್ದರೆ ದಯವಿಟ್ಟು ತಿಳಿಸಿ.