ಸಹಾಯ ಬೇಕು: ಡಿಸೆಂಬರ್‌ನಲ್ಲಿ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್

ನಮಸ್ಕಾರ. ಡಿಸೆಂಬರ್ ಕೊನೆಗೆ ನಾವು ಗೆಳತಿಯರೆಲ್ಲ ಸೇರಿ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ಗೆ ಹೊರಟಿದ್ದೇವೆ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ, ಓರ್ಸೆ ಮ್ಯೂಸಿಯಂಗೆ ಸೋಮವಾರ, ಕ್ರಿಸ್‌ಮಸ್ ದಿನ ಎರಡೂ ಬಂದ್, ಹಾಗಾಗಿ ದಿನ ಹೊಂದಿಸೋದೇ ದೊಡ್ಡ ತಲೆನೋವಾಗಿದೆ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂ ಮಾತ್ರ ವರ್ಷಪೂರ್ತಿ ತೆರೆದಿರುತ್ತೆ, ಪುಣ್ಯಕ್ಕೆ. ಅಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟ್ 1642ರಲ್ಲಿ ಮುಗಿಸಿದ 'ನೈಟ್ ವಾಚ್' ವರ್ಣಚಿತ್ರದ ಮುಂದೆ ಸಮಾಧಾನವಾಗಿ ನಿಂತು, ಮಧ್ಯದಲ್ಲಿ ಬೆಳಕು ಬಿದ್ದ ಆ ಪುಟ್ಟ ಹುಡುಗಿಯನ್ನು ಕಣ್ತುಂಬ ನೋಡಬೇಕು ಅಂತ ನನಗೆ ತುಂಬಾ ಆಸೆ. ಸುಮ್ನೆ ಫೋಟೋ ತೆಗೆದು ಓಡೋದು ಬೇಡ. ಬೆಳಿಗ್ಗೆ 9ಕ್ಕೆ ಬಾಗಿಲು ತೆರೆದ ಕೂಡಲೇ ಹೋದರೆ ಜನ ಕಮ್ಮಿನಾ, ಅಥವಾ ಸಂಜೆ ಮುಚ್ಚೋ ಹೊತ್ತಿಗಾ? ನಾಲ್ಕೂವರೆಗೆಲ್ಲ ಕತ್ತಲಾಗುತ್ತೆ ಅಲ್ವಾ, ಕಾಲುವೆ ಕಡೆ ಸುತ್ತಾಟ ಯಾವಾಗ ಇಟ್ಟುಕೊಳ್ಳೋಣ? ಥರ್ಮಲ್, ಬೂಟು ಬೆಂಗಳೂರಲ್ಲೇ ತಗೊಳ್ಳೋದಾ, ಅಲ್ಲೇನಾ? ಚಳಿಗಾಲದಲ್ಲಿ ಹೋಗಿಬಂದವರು ದಯವಿಟ್ಟು ಹೇಳಿ.