ಮೊಲಕ್ಕೆ ಆಪರೇಷನ್ ಇದೆ, ಅರಿವಳಿಕೆ ಮತ್ತು ನೋವಿನ ಬಗ್ಗೆ ನಿಮ್ಮ ಅನುಭವ ಹೇಳಿ

ಕೇಳಿದ್ದು: ನಮ್ಮ ಹೆಣ್ಣು ಮೊಲಕ್ಕೆ ಮುಂದಿನ ವಾರ ಗರ್ಭಕೋಶ ತೆಗೆಯುವ ಆಪರೇಷನ್ ಇದೆ. ತೂಕ 1.8 ಕೆಜಿ. ಮೊಲಗಳು ಅರಿವಳಿಕೆ ತಡೆಯುವುದಿಲ್ಲ ಎಂದು ಕೇಳಿ ಭಯವಾಗಿದೆ. ರಾತ್ರಿಯಿಂದ ಉಪವಾಸ ಇಡಬೇಕಾ? ನೋವಾದರೆ ನಮಗೆ ಹೇಗೆ ಗೊತ್ತಾಗುತ್ತದೆ?

ಪಶುವೈದ್ಯೆಯೊಬ್ಬರು: ಭಯ ಆಗುವುದು ಸಹಜ. ಬ್ರಿಟನ್ನಿನಲ್ಲಿ 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಅರಿವಳಿಕೆ ಪಡೆದ ನಾಯಿಗಳಲ್ಲಿ ಸತ್ತವು ಶೇ 0.17, ಮೊಲಗಳಲ್ಲಿ ಶೇ 1.39. ಹಾಗೆ ಸತ್ತ ಮೊಲಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ಆಪರೇಷನ್ ಮುಗಿದ ಮೇಲೆ. ಆದ್ದರಿಂದ ಎಚ್ಚರವಾದ ನಂತರದ ಆರೈಕೆ ಬಹಳ ಮುಖ್ಯ.

ಉಪವಾಸ ಬೇಡವೇ ಬೇಡ. ನಾಯಿ, ಬೆಕ್ಕಿಗೆ ಹೊಟ್ಟೆ ಖಾಲಿ ಇಡಿಸುವುದು ಮತ್ತಿನಲ್ಲಿ ವಾಂತಿ ಆಗಬಾರದೆಂದು. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಬಾಯಲ್ಲಿ ಹುಲ್ಲು ಉಳಿಯದ ಹಾಗೆ ಕೊನೆಯ ಒಂದು ಗಂಟೆ ಮೇವು ತೆಗೆದರೆ ಸಾಕು. ಜಾಸ್ತಿ ಹೊತ್ತು ಹಸಿದರೆ ಕರುಳಿನ ಚಲನೆ ನಿಲ್ಲುತ್ತದೆ.

ನೋವೂ ಇದನ್ನೇ ಮಾಡುತ್ತದೆ. ನೋವಿದ್ದರೆ ತಿನ್ನುವುದಿಲ್ಲ. ತಿನ್ನದಿದ್ದರೆ ಕರುಳು ನಿಂತು ಗ್ಯಾಸ್ ತುಂಬಿ ನೋವು ಇನ್ನೂ ಏರುತ್ತದೆ. ಅದಕ್ಕೇ ನಾನು ಕೊಯ್ಯುವ ಮೊದಲೇ ನೋವಿನ ಔಷಧಿ ಕೊಟ್ಟಿರುತ್ತೇನೆ, ಸಾಮಾನ್ಯವಾಗಿ ಬ್ಯುಪ್ರೆನಾರ್ಫಿನ್ ಮತ್ತು ಮೆಲಾಕ್ಸಿಕಾಮ್ ಎರಡೂ. ಮೆಲಾಕ್ಸಿಕಾಮ್ ನಾಯಿಗೆ ದಿನಕ್ಕೆ ಕೆಜಿಗೆ 0.1 ಮಿ.ಗ್ರಾಂ. ಮೊಲದ ಮೈ ಅದನ್ನು ಬೇಗ ಹೊರಹಾಕುತ್ತದೆ, ಕೆಜಿಗೆ 1 ಮಿ.ಗ್ರಾಂವರೆಗೂ ಬೇಕಾಗುತ್ತದೆ. ಮೊದಮೊದಲು ನಾನೂ ಪುಟ್ಟ ಪ್ರಾಣಿ ಅಂತ ಅಳುಕಿ ಕಡಿಮೆ ಕೊಡುತ್ತಿದ್ದೆ. ಒಂದು ಮೊಲ ಎರಡು ದಿನ ಮೂಲೆಯಲ್ಲಿ ಮುದುಡಿ ಕೂತಿತ್ತು. ಅರಿವಳಿಕೆಯ ಅಮಲು ಇನ್ನೂ ಇಳಿದಿಲ್ಲ ಅಂದುಕೊಂಡೆ. ಅಷ್ಟೂ ಹೊತ್ತು ಅದು ನೋವು ತಿನ್ನುತ್ತಿತ್ತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಮನೆಯಲ್ಲಿ ನೀವೇ ಡೋಸ್ ಲೆಕ್ಕ ಹಾಕಬೇಡಿ. ಡಾಕ್ಟರಿಗೆ ಎರಡು ಮಾತು ಕೇಳಿ. ಮನೆಗೆ ಎಷ್ಟು ದಿನದ ನೋವಿನ ಔಷಧಿ ಕೊಡುತ್ತೀರಿ? ಅರಿವಳಿಕೆಯ ಅಮಲು ಇಳಿಸಲು ಇಂಜೆಕ್ಷನ್ ಕೊಡುವುದಾದರೆ, ನೋವಿಗೆ ಬೇರೆ ಔಷಧಿ ಮೊದಲೇ ಕೊಟ್ಟಿರುತ್ತೀರಾ? ಮೆಡಿಟೊಮಿಡಿನ್ ಎಂಬ ಮತ್ತಿನ ಔಷಧಿ ಬಳಸಿದಾಗ ಅದರ ಅಮಲು ಇಳಿಸುವ ಇಂಜೆಕ್ಷನ್ ಅದರ ನೋವು ತಡೆಯುವ ಶಕ್ತಿಯನ್ನೂ ಇಳಿಸಿಬಿಡುತ್ತದೆ.

ಎರಡು ಮೊಲ ಸಾಕಿರುವವರು: ಡಾಕ್ಟರ್ ಮೇಡಂ ಹೇಳಿದ ಹಾಗೆ ಮುದುಡಿ ಕೂರುವುದನ್ನು ನಾನೂ ನೋಡಿದ್ದೇನೆ. ಆದರೆ ಹತ್ತಿರ ಹೋದರೆ ಏನೂ ಆಗಿಲ್ಲದಂತೆ ಕೂರುತ್ತವೆ. ಬೇಟೆಗೆ ಸಿಗುವ ಪ್ರಾಣಿ ಅಲ್ವಾ, ನೋವು ತೋರಿಸಿಕೊಳ್ಳುವುದಿಲ್ಲ. ನಾನು ಫೋನ್ ಇಟ್ಟು ವಿಡಿಯೊ ಮಾಡಿ, ಪಕ್ಕದ ಕೋಣೆಯಿಂದ ನೋಡುತ್ತಿದ್ದೆ. ಅರೆಮುಚ್ಚಿದ ಕಣ್ಣು, ಚಪ್ಪಟೆಯಾದ ಕೆನ್ನೆ, ಬಿಗಿಯಾಗಿ ಹಿಂದಕ್ಕೆ ಮಡಚಿದ ಕಿವಿ ಕಂಡರೆ ನೋವಿದೆ ಎಂದೇ ತಿಳಿಯಿರಿ. ಮೊಲದ ಮುಖ ನೋಡಿ ನೋವು ಅಳೆಯುವ ವಿಧಾನವನ್ನು 2012ರಲ್ಲೇ ರೂಪಿಸಿದ್ದಾರೆ. ಹಲ್ಲು ಕಟಕಟ ಕಡಿಯುವುದನ್ನೂ ಗಮನಿಸಿ. ಹಿಕ್ಕೆ ಎಣಿಸಿ ಬರೆದಿಡಿ. ಜೊತೆಗಾರ ಮೊಲ ಇದ್ದರೆ ಅದನ್ನೂ ಕರೆದುಕೊಂಡು ಹೋಗಿ, ಧೈರ್ಯ ಬರುತ್ತದೆ.

ಹ್ಯಾಮ್‌ಸ್ಟರ್ ಸಾಕುವವರು: ನಮ್ಮದು 100 ಗ್ರಾಂ ಜೀವ. ಮೈಯಲ್ಲಿರುವ ರಕ್ತವೇ ಸುಮಾರು 7 ಮಿ.ಲೀ. ಗಡ್ಡೆ ತೆಗೆಯುವಾಗ ಡಾಕ್ಟರು ರಕ್ತದಷ್ಟೇ ಚಳಿಗೂ ಹೆದರುತ್ತಿದ್ದರು. ಪುಟ್ಟ ಮೈ ಮತ್ತಿನಲ್ಲಿ ಬೇಗ ತಣ್ಣಗಾಗುತ್ತದಂತೆ. ಕೂದಲು ಬೇಕಾದಷ್ಟೇ ಬೋಳಿಸಿ, ಸ್ಪಿರಿಟ್ ಸುರಿಯದೆ ಒರೆಸಿದರು. ನೀವೂ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಒಯ್ಯಿರಿ. ಅದು ಬಿಸಿಯಾದರೆ ಸರಿದು ಕೂರಲು ಜಾಗವೂ ಇರಲಿ.

ಮತ್ತೆ ಪಶುವೈದ್ಯೆ: ಒಂದು ಬಿಟ್ಟುಹೋಯಿತು. ಮನೆಗೆ ಬಂದ ಮೇಲೆ 12 ಗಂಟೆ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಯಾರಿಗೆ ಫೋನ್ ಮಾಡಬೇಕು ಎನ್ನುವುದನ್ನು ಆಪರೇಷನ್ನಿಗೆ ಮೊದಲೇ ಕೇಳಿಟ್ಟುಕೊಳ್ಳಿ.