ಮಳೆಗಾಲದಲ್ಲಿ ಚಂದನ ವಾಹಿನಿಗಾಗಿ ಮನೆಯಂಗಳದಲ್ಲಿ ಎಂಟು ಅಡಿಯ ಡಿಶ್: ಸಲಹೆ ಬೇಕು

ಪ್ರಶ್ನೆ: ತೋಟದಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ತಾಲೂಕಿನ ಒಳಹಳ್ಳಿಯಲ್ಲಿ, ಅಡಕೆ ತೋಟದ ಮಗ್ಗುಲಿಗಿರುವ ಹಂಚಿನ ಮನೆ. ಡಿಡಿ ಫ್ರೀ ಡಿಶ್‌ಗೆಂದು ಹಾಕಿಸಿದ ಎರಡು ಅಡಿಯ ಡಿಶ್ ಬೇಸಿಗೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ, ಜೋರಾಗಿ ಸುರಿದಾಗಲೆಲ್ಲ ಚಿತ್ರ ಚೌಕಚೌಕವಾಗಿ ಒಡೆದು, ಕೊನೆಗೆ ಪೂರ್ತಿ ನಿಂತೇ ಹೋಗುತ್ತದೆ. ನಮ್ಮ ತಂದೆಯವರು ಚಂದನದ ವಾರ್ತೆ ಮತ್ತು ಕೃಷಿ ಕಾರ್ಯಕ್ರಮಗಳನ್ನು ಬಿಡದೆ ನೋಡುವವರು. ಮೊಬೈಲ್ ಇಂಟರ್ನೆಟ್ ನಮ್ಮಲ್ಲಿ ನೆಚ್ಚಿಕೊಳ್ಳುವಂತಿಲ್ಲ.

ಪೇಟೆಯಲ್ಲಿ ಕೇಬಲ್ ವ್ಯವಹಾರ ನಿಲ್ಲಿಸಿದವರೊಬ್ಬರ ಬಳಿ 8 ಅಡಿಯ ಜಾಲರಿ ಡಿಶ್ ಕಡಿಮೆ ಬೆಲೆಗೆ ಸಿಗುತ್ತಿದೆ. ಇದರಿಂದ ಮಳೆಯ ತೊಂದರೆ ನಿಜವಾಗಿಯೂ ತಪ್ಪುತ್ತದೆಯೇ, ಹಂಚಿನ ಮಾಡಿನ ಮೇಲೆ ನಿಲ್ಲಿಸಲಾಗದ ಇದನ್ನು ಅಂಗಳದಲ್ಲಿ ನಿಲ್ಲಿಸುವುದು ಹೇಗೆ, ಮತ್ತು ಇದರಲ್ಲಿ ಯಾವ ವಾಹಿನಿಗಳು ಬರುತ್ತವೆ ಎಂಬುದನ್ನು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ: ಸಿಗ್ನಲ್ ಮಿತ್ರ (ಹಾಸನ)

ಮಳೆಯ ವಿಷಯದಲ್ಲಿ ನಿಮ್ಮ ನಿರೀಕ್ಷೆ ಸರಿಯಾಗಿಯೇ ಇದೆ. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಜಿಸ್ಯಾಟ್-15 ಉಪಗ್ರಹದಿಂದ, ಕೆಯು ಬ್ಯಾಂಡ್ ಎಂಬ ತರಂಗಗುಚ್ಛದಲ್ಲಿ. ಆ ಅಲೆಯ ಉದ್ದ ಮೂರು ಸೆಂಟಿಮೀಟರಿಗೂ ಕಡಿಮೆಯಿರುವುದರಿಂದ ದಪ್ಪ ಹನಿಯ ಮಳೆ ಅದನ್ನು ಹೀರಿಕೊಳ್ಳುತ್ತದೆ, ಚದುರಿಸಿಯೂ ಬಿಡುತ್ತದೆ. ದೊಡ್ಡ ಡಿಶ್ ಹಿಡಿಯುವ ಸಿ ಬ್ಯಾಂಡ್ 3.7ರಿಂದ 4.2 ಗಿಗಾಹರ್ಟ್ಸ್‌ನದು, ಅಲ್ಲಿ ಅಲೆಯ ಉದ್ದ ಏಳೂವರೆ ಸೆಂಟಿಮೀಟರಿನ ಆಸುಪಾಸಿನಲ್ಲಿದ್ದು, ಮಲೆನಾಡಿನ ಮಳೆಯೂ ಅದಕ್ಕೆ ಹೆಚ್ಚಿನ ಅಡ್ಡಿ ಮಾಡುವುದಿಲ್ಲ. ಚಂದನ ಸೇರಿದಂತೆ ದೂರದರ್ಶನದ ವಾಹಿನಿಗಳು ಅದೇ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-17ರ ಸಿ ಬ್ಯಾಂಡಿನಲ್ಲಿ ಉಚಿತವಾಗಿ ಸಿಗುತ್ತವೆ. (ಇನ್‌ಸ್ಯಾಟ್ ಮತ್ತು ಜಿಸ್ಯಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮುಖ್ಯ ಕೇಂದ್ರ ನಮ್ಮ ಹಾಸನದಲ್ಲೇ ಇದೆ ಎಂಬುದು ನಮಗೆ ಹೆಮ್ಮೆಯ ಸಂಗತಿ.)

ಎರಡೂ ಉಪಗ್ರಹಗಳು ಒಂದೇ ಸ್ಥಾನದಲ್ಲಿರುವುದು ನಿಮಗೆ ದೊಡ್ಡ ಅನುಕೂಲ. ಸಣ್ಣ ಡಿಶ್ ಯಾವ ದಿಕ್ಕಿಗೆ ಮುಖ ಮಾಡಿದೆಯೋ ದೊಡ್ಡದನ್ನೂ ಅದೇ ದಿಕ್ಕಿಗೆ ತಿರುಗಿಸಿದರಾಯಿತು. ಶಿರಸಿಯಿಂದ ಅದು ಉತ್ತರದಿಂದ ಎಣಿಸಿ ಸುಮಾರು 127 ಡಿಗ್ರಿ, ಅಂದರೆ ಆಗ್ನೇಯ. ಆದರೆ ಸಣ್ಣ ಡಿಶ್ ಎಷ್ಟು ಮೇಲಕ್ಕೆ ನೋಡುತ್ತಿದೆ ಎಂಬುದನ್ನು ಮಾತ್ರ ನಕಲು ಮಾಡಬೇಡಿ. ಅದರ ಎಲ್‌ಎನ್‌ಬಿ (ಡಿಶ್‌ನ ಮುಂದೆ ನಿಂತು ಸಿಗ್ನಲ್ ಹಿಡಿಯುವ ಸಾಧನ) ಕೆಳಬದಿಯಲ್ಲಿರುವುದರಿಂದ ಡಿಶ್ ನೆಟ್ಟಗೆ ನಿಂತಂತೆ ಕಂಡರೂ ಅದು ಸಿಗ್ನಲ್ ಪಡೆಯುವುದು ಬಹಳ ಮೇಲಿನಿಂದ. ನಡುವೆ ಎಲ್‌ಎನ್‌ಬಿ ಇರುವ ದೊಡ್ಡ ಡಿಶ್ ನೇರವಾಗಿ ಉಪಗ್ರಹವನ್ನೇ ನೋಡಬೇಕು, ನೆಲದಿಂದ ಸುಮಾರು 62 ಡಿಗ್ರಿ ಎತ್ತರಕ್ಕೆ.

ಉತ್ತರ: ದೂರದರ್ಶನಪ್ರಿಯ (ದಾವಣಗೆರೆ)

ಹಣ ಕೊಡುವ ಮೊದಲು ವಾಹಿನಿಗಳ ವಿಷಯವನ್ನು ಮನೆಯವರಿಗೆಲ್ಲ ಸ್ಪಷ್ಟಪಡಿಸಿ. ಸಿ ಬ್ಯಾಂಡಿನಲ್ಲಿ ಬರುವ ಖಾಸಗಿ ಮನರಂಜನಾ ವಾಹಿನಿಗಳಲ್ಲಿ ಹೆಚ್ಚಿನವು ಕೇಬಲ್‌ನವರಿಗಾಗಿ ಗೂಢಲಿಪಿಯಲ್ಲಿ ಬರುತ್ತವೆ. ಡಿಶ್ ಎಷ್ಟೇ ದೊಡ್ಡದಿದ್ದರೂ ಅವು ತೆರೆಯುವುದಿಲ್ಲ. ಮನೆಯಲ್ಲಿ ಧಾರಾವಾಹಿ ನೋಡುವವರಿದ್ದರೆ ಅವರಿಗೆ ಈ ಡಿಶ್‌ನಿಂದ ನಿರಾಸೆಯೇ ಆದೀತು.

ನನ್ನ ಅಭಿಪ್ರಾಯದಲ್ಲಿ ಮೊದಲು ಮೂರು ಅಥವಾ ನಾಲ್ಕು ಅಡಿಯ ಕೆಯು ಡಿಶ್ ಹಾಕಿ ನೋಡುವುದು ಒಳ್ಳೆಯದು. 60 ಸೆಂಟಿಮೀಟರಿನ ಬದಲು 90 ಸೆಂಟಿಮೀಟರಿನದನ್ನು ಹಾಕಿದರೆ ಸುಮಾರು ಮೂರೂವರೆ ಡೆಸಿಬೆಲ್, 120 ಸೆಂಟಿಮೀಟರಿನದನ್ನು ಹಾಕಿದರೆ ಆರು ಡೆಸಿಬೆಲ್ ಹೆಚ್ಚು ಸಿಗ್ನಲ್ ಸಿಗುತ್ತದೆ. ಸಾಧಾರಣ ಮಳೆಗೆ ಅದು ಸಾಕು. ಜುಲೈ ತಿಂಗಳ ಜಡಿಮಳೆಗೆ ಸಾಲುತ್ತದೆಂದು ಮಾತ್ರ ಹೇಳಲಾರೆ.

ಉತ್ತರ: ವೆಲ್ಡಿಂಗ್ ಕೆಲಸ (ಸಾಗರ)

ಹಿಂದಿನವರು ಹೇಳಿದ ಮಧ್ಯದ ದಾರಿ ಬಯಲುಸೀಮೆಗೆ ಸರಿ. ನಮ್ಮ ಕಡೆಯ ಮಳೆಗೆ ಸಿ ಬ್ಯಾಂಡೇ ಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಎಂಟು ಅಡಿಯ ಡಿಶ್‌ನಲ್ಲಿ ಕಷ್ಟವಿರುವುದು ಸಿಗ್ನಲ್‌ನಲ್ಲಲ್ಲ, ಗಾಳಿಯಲ್ಲಿ. ಗಂಟೆಗೆ ನೂರು ಕಿಲೋಮೀಟರ್ ವೇಗದ ಗಾಳಿ ಪ್ರತಿ ಚದರ ಮೀಟರಿಗೆ ಸುಮಾರು 47 ಕಿಲೋ ಭಾರದಷ್ಟು ಒತ್ತುತ್ತದೆ. ನಿಮ್ಮ ಡಿಶ್‌ನ ವಿಸ್ತೀರ್ಣ 4.7 ಚದರ ಮೀಟರಿನಷ್ಟಾಗುವುದರಿಂದ, ಎದುರುಗಾಳಿ ಬಡಿದರೆ ಇನ್ನೂರು ಕಿಲೋಗೂ ಮಿಕ್ಕ ಒತ್ತಡವನ್ನು ಒಂದೇ ಕಂಬ ತಡೆದುಕೊಳ್ಳಬೇಕಾಗುತ್ತದೆ. ಜಾಲರಿಯಾದ್ದರಿಂದ ಸ್ವಲ್ಪ ಗಾಳಿ ದಾಟಿ ಹೋಗುತ್ತದೆಂಬುದು ನಿಜವಾದರೂ, ಒದ್ದೆ ಎಲೆಗಳು ಮೆತ್ತಿಕೊಂಡ ದಿನ ಅದನ್ನು ನಂಬಿ ಕೂರುವಂತಿಲ್ಲ.

ಆದ್ದರಿಂದ ಮೂರು ಇಂಚಿಗೆ ಕಡಿಮೆಯಿಲ್ಲದ ದಪ್ಪ ಗೋಡೆಯ ಜಿಐ ಪೈಪನ್ನು, ತಳದಲ್ಲಿ ಅಡ್ಡ ಕಬ್ಬಿಣ ವೆಲ್ಡ್ ಮಾಡಿಸಿ, ಕನಿಷ್ಠ ಮೂರು ಅಡಿ ಆಳದ ಗುಂಡಿಯಲ್ಲಿ ಕಾಂಕ್ರೀಟ್ ತುಂಬಿ ನಿಲ್ಲಿಸಿ. ಕಾಂಕ್ರೀಟ್ ಹಸಿಯಿರುವಾಗಲೇ ಪೈಪಿನ ಎರಡು ಬದಿಗೂ ರಸಮಟ್ಟ ಹಿಡಿದು ಅದು ನೆಟ್ಟಗಿದೆಯೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ಕಂಬ ವಾಲಿದ್ದರೆ ಡಿಶ್ ತಿರುಗಿಸಿದಂತೆಲ್ಲ ಎತ್ತರದ ಅಳತೆಯೂ ತಪ್ಪುತ್ತಾ ಹೋಗುತ್ತದೆ. ವಾರವಾದರೂ ನೀರುಣಿಸಿದ ಮೇಲೆಯೇ ಡಿಶ್ ಏರಿಸಿ. ಈ ಕೆಲಸವನ್ನು ಮೇ ತಿಂಗಳೊಳಗೆ ಮುಗಿಸುವುದು ಕ್ಷೇಮ.

ಮರಗಳ ಲೆಕ್ಕವೂ ಇದೆ. 62 ಡಿಗ್ರಿ ಎತ್ತರಕ್ಕೆ ನೋಡುವ ಡಿಶ್‌ಗೆ, ಅದಕ್ಕಿಂತ 13 ಮೀಟರ್ ಎತ್ತರವಿರುವ ಅಡಕೆ ಮರ ಆಗ್ನೇಯದಲ್ಲಿ ಏಳು ಮೀಟರಿಗಿಂತ ದೂರವಿದ್ದರೆ ಅಡ್ಡಿಯಾಗುವುದಿಲ್ಲ. ಸೋಗೆಯ ಹರವಿಗೂ ಒಂದೆರಡು ಮೀಟರ್ ಬಿಟ್ಟು ಜಾಗ ಆರಿಸಿ. ಕಂಬಕ್ಕೆ ಅರ್ಥಿಂಗ್ ಮಾಡಿಸುವುದನ್ನು ಮರೆಯಬೇಡಿ, ಮಳೆಗಾಲಕ್ಕೆ ಮುಂಚಿನ ಗುಡುಗುಮಳೆಯಲ್ಲಿ ಸಿಡಿಲಿನ ಭಯ ಹೆಚ್ಚು.

ಮರುಪ್ರಶ್ನೆ: ತೋಟದಮನೆ (ಶಿರಸಿ)

ಎಲ್ಲರಿಗೂ ಕೃತಜ್ಞತೆಗಳು. ತಂದೆಯವರಿಗೆ ಬೇಕಾಗಿರುವುದು ಚಂದನ ಮಾತ್ರ, ಆದ್ದರಿಂದ ಡಿಶ್ ತರಲು ನಿಶ್ಚಯಿಸಿದ್ದೇವೆ. ಅದರ ಎಲ್‌ಎನ್‌ಬಿ ಕೆಟ್ಟಿದೆ, ಹಿಡಿದಿಡುವ ಕಾಲುಗಳೂ ಸೊಟ್ಟಗಾಗಿವೆ. ಬಾಯಿಗೆ ಅಡ್ಡಲಾಗಿ ದಾರ ಕಟ್ಟಿ ಅಳೆದಾಗ ನಡುವಿನ ಆಳ 38 ಸೆಂಟಿಮೀಟರ್ ಬಂತು. ಹೊಸ ಎಲ್‌ಎನ್‌ಬಿಯನ್ನು ಎಷ್ಟು ದೂರದಲ್ಲಿ ಕೂರಿಸಬೇಕು?

ಉತ್ತರ: ಸಿಗ್ನಲ್ ಮಿತ್ರ (ಹಾಸನ)

ವ್ಯಾಸದ ವರ್ಗವನ್ನು ಆಳದ ಹದಿನಾರು ಪಟ್ಟಿನಿಂದ ಭಾಗಿಸಿದರೆ ನಾಭಿದೂರ ಸಿಗುತ್ತದೆ. ನಿಮ್ಮ 244 ಸೆಂಟಿಮೀಟರ್ ವ್ಯಾಸಕ್ಕೆ ಅದು 98 ಸೆಂಟಿಮೀಟರ್. ಡಿಶ್‌ನ ನಟ್ಟನಡುವಿನಿಂದ ಎಲ್‌ಎನ್‌ಬಿಯ ಮುಂದಿನ ಕೊಳವೆಯ (ಫೀಡ್‌ಹಾರ್ನ್) ಬಾಯಿಯವರೆಗೆ ಇಷ್ಟು ಅಂತರವಿರಲಿ. ವ್ಯಾಸಕ್ಕೂ ಇದಕ್ಕೂ ಇರುವ ಅನುಪಾತ 0.40 ಆಗುವುದರಿಂದ, ಎಲ್‌ಎನ್‌ಬಿಯ ಸುತ್ತಲಿನ ಉಂಗುರವನ್ನು ಅದೇ ಗುರುತಿಗೆ ಹೊಂದಿಸಿ. ಡಿಶ್‌ನ ಅಂಚಿನ ಮೂರ್ನಾಲ್ಕು ಕಡೆಯಿಂದ ಎಲ್‌ಎನ್‌ಬಿಗೆ ದಾರ ಹಿಡಿದು ಅಳೆದಾಗ ಎಲ್ಲ ಅಳತೆಗಳೂ ಒಂದೇ ಬರಬೇಕು. ಬಾರದಿದ್ದರೆ ಸೊಟ್ಟ ಕಾಲನ್ನು ಮೊದಲು ನೇರ್ಪಡಿಸಿ. ರಿಸೀವರ್‌ನಲ್ಲಿ ಎಲ್‌ಎನ್‌ಬಿ ಆವರ್ತನವನ್ನು 5150 ಎಂದು ಕೊಡಿ.

ಉತ್ತರ: ವೀಕ್ಷಕ (ಹುಬ್ಬಳ್ಳಿ)

ಎಲ್‌ಎನ್‌ಬಿ ಕೊಳ್ಳುವ ಮುಂಚೆ ಇದನ್ನೊಂದು ಗಮನಿಸಿ. 2022ರಲ್ಲಿ 5ಜಿಗಾಗಿ ಹರಾಜಾದ 3.3ರಿಂದ 3.67 ಗಿಗಾಹರ್ಟ್ಸ್‌ನ ತರಂಗಗುಚ್ಛ ಸಿ ಬ್ಯಾಂಡಿಗೆ ತಾಗಿಕೊಂಡೇ ಇದೆ. ಅಂಗಡಿಗಳಲ್ಲಿ ಸಿಗುವ ಅನೇಕ ಎಲ್‌ಎನ್‌ಬಿಗಳು 3.4ರಿಂದಲೇ ಸಿಗ್ನಲ್ ತೆಗೆದುಕೊಳ್ಳುವಂಥವು. ಹತ್ತಿರದ ಟವರಿನ ಪ್ರಬಲ ಸಿಗ್ನಲ್ ಅವುಗಳೊಳಗೆ ಹೊಕ್ಕಾಗ ಉಪಗ್ರಹದ ಕ್ಷೀಣ ಸಿಗ್ನಲ್ ಮುಳುಗಿಹೋಗುತ್ತದೆ. ನಮ್ಮ ಮನೆಯ ಡಿಶ್‌ನಲ್ಲಿ, ಓಣಿಯ ಟವರಿಗೆ 5ಜಿ ಬಂದ ಮೇಲೆ, ದಿಕ್ಕು ಒಂದಿಷ್ಟೂ ಕದಲದಿದ್ದರೂ ವಾಹಿನಿಗಳು ಒಂದೊಂದಾಗಿ ಮಾಯವಾದವು. 3.7ರಿಂದ 4.2ರವರೆಗೆ ಮಾತ್ರ ಬಿಡುವ ಫಿಲ್ಟರ್ ಒಳಗೇ ಇರುವ ಎಲ್‌ಎನ್‌ಬಿ ಹಾಕಿದ ಬಳಿಕ ಎಲ್ಲವೂ ಮರಳಿದವು. ನಿಮ್ಮ ಊರಿಗೆ ಟವರ್ ಇನ್ನೂ ಬಂದಿಲ್ಲದಿದ್ದರೂ ಈಗಲೇ ಅಂಥದನ್ನೇ ಕೇಳಿ ತನ್ನಿ.

ಕೂರಿಸಿದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ನಿಧಾನವಾಗಿ ತಿರುಗಿಸಿ ಸಿಗ್ನಲ್‌ನ ಗುಣಮಟ್ಟ ನೋಡಬೇಕು. ಉಪಗ್ರಹ ನಮ್ಮ ರೇಖಾಂಶಕ್ಕಿಂತ ಬಹಳ ಪೂರ್ವದಲ್ಲಿರುವುದರಿಂದ ಎಲ್‌ಎನ್‌ಬಿ ಸಾಕಷ್ಟು ಓರೆಯಾಗಿಯೇ ನಿಲ್ಲುತ್ತದೆ, ಗಾಬರಿ ಬೇಡ. ರಿಸೀವರ್ ತೋರಿಸುವ ಎರಡು ಪಟ್ಟಿಗಳಲ್ಲಿ ಮೊದಲನೆಯದು ಎಲ್‌ಎನ್‌ಬಿಗೆ ವಿದ್ಯುತ್ ತಲುಪಿದರೂ ಏರುತ್ತದೆ. ಎರಡನೆಯದಾದ ಗುಣಮಟ್ಟದ ಪಟ್ಟಿ ಏರಿದಾಗ ಮಾತ್ರ ಬೋಲ್ಟ್‌ಗಳನ್ನು ಬಿಗಿಮಾಡಿ.